ಕಚ್ಚಿದ ಗುರುತು

ಅಲ್ನಿಫ್‌ನಲ್ಲಿ ಬಾವಿಗೆ ಎಂಬತ್ತು ಮೊಳ ಹಗ್ಗ ಬೇಕು,
ಸಮುದ್ರಕ್ಕೆ ಸುತ್ತಿಗೆ ಸಾಕು.

ಬಾಸ್ಸೂ ಮಾವ ಗುಡ್ಡದ ಕೊರಕಲಲ್ಲಿ ವಾರಗಟ್ಟಲೆ ಕೂತು
ಕಲ್ಲು ಒಡೆಯುತ್ತಾನೆ, ಒಡೆದ ಅಂಚು ನೆಕ್ಕುತ್ತಾನೆ.
ಎಂಜಲು ತಾಗಿದರೆ ಚಿಪ್ಪಿನ ಗೆರೆ ಕಪ್ಪಗೆ ಏಳುತ್ತದೆ,
ಕಣ್ಣಂಚಿನ ಕಾಡಿಗೆಯಷ್ಟು ಸಣ್ಣಗೆ.
ಅಷ್ಟು ಕಂಡರೆ ಮುಗಿಯಿತು,
ಎರಡೂ ಹೋಳು ಹಳೇ ಪತ್ರಿಕೆಯಲ್ಲಿ ಸುತ್ತಿ
ಮೇಲೆ ನನ್ನ ಹೆಸರು ಬರೆಯುತ್ತಾನೆ: ತೂದಾ.
ಅವನಿಗೆ ಬರೆಯಲು ಬರುವುದು ಮೂರೇ ಪದ.
ಇನ್ನೊಂದು ಅವನ ಹೆಸರು. ಮತ್ತೊಂದು, ಜೋಕೆ.

ನನ್ನದು ಬಿಡಿಸುವ ಕೆಲಸ.
ಹೋಳಿಗೆ ಹೋಳು ಅಂಟಿಸಿ, ಗಾಳಿಸೂಜಿ ಹಿಡಿದು
ಕಲ್ಲಿನಿಂದ ಕಲ್ಲನ್ನು ಕಳೆಯುವುದು.
ದಾಳಿಂಬೆ ಬಿಡಿಸಿದ ಹಾಗಲ್ಲ,
ಇಲ್ಲಿ ಸಿಪ್ಪೆಯೇ ಹಣ್ಣು.
ಕಂಪ್ರೆಸರು ಗುಡುಗುಡು ಅನ್ನುತ್ತಿರುತ್ತದೆ,
ಮೂಗಿಗೆ ಕಟ್ಟಿದ ಬಟ್ಟೆ ಮಧ್ಯಾಹ್ನಕ್ಕೆಲ್ಲ ಬೂದಿ,
ಚಹಾದಲ್ಲೂ ಹಲ್ಲಿಗೆ ಸಿಗುವ ಪುಡಿ.

ಟ್ರೈಲೊಬೈಟ್ ಅನ್ನುತ್ತಾರೆ ಓದಿದವರು.
ಅಜ್ಜಿ ಕಲ್ಲುಚೇಳು ಅಂದು ದೂರ ಸರಿಯುತ್ತಿದ್ದಳು.
ಮೂವತ್ತೊಂಬತ್ತು ಕೋಟಿ ವರ್ಷವಂತೆ;
ಎಣಿಸಲು ಹೋದವಳಲ್ಲ ನಾನು.
ನಾನು ಎಣಿಸಿದ್ದು ಕಣ್ಣು:
ಒಂದೊಂದು ಕಣ್ಣಲ್ಲಿ ಸಾಲು ಸಾಲು ಮಸೂರ,
ಸಾಸಿವೆ ಪೋಣಿಸಿಟ್ಟ ಹಾಗೆ.
ಬದುಕಿದ್ದಾಗಲೂ ಅದು ಕಲ್ಲೇ ಅಂತೆ,
ಕಲ್ಲಿನ ಮೂಲಕವೇ ನೋಡುತ್ತಿತ್ತಂತೆ
ನೀರನ್ನು, ಊಟವನ್ನು, ಮೇಲೆ ಎರಗುವ ನೆರಳನ್ನು.

ಈ ಸಲದ್ದನ್ನು ಹದಿನೇಳು ದಿನ ಬಿಡಿಸಿದೆ.
ತಲೆ, ಬೆನ್ನು, ಬಲಕ್ಕೆ ಸೂಜಿಯಂಥ ಮುಳ್ಳುಗಳು.
ಎಡಕ್ಕೆ ಬಂದಾಗ ಎದೆ ಧಸಕ್ಕೆಂದಿತು.
ಮೂರು ಮುಳ್ಳಿಲ್ಲ.
ಮುರಿದೆನೇ? ನೆಲ ಗುಡಿಸಿದೆ, ಮಡಿಲು ಕೊಡವಿದೆ,
ಪುಡಿಯನ್ನೆಲ್ಲ ಜರಡಿ ಹಿಡಿದೆ.
ಆಮೇಲೆ ಭೂತಗನ್ನಡಿ ಹಿಡಿದು ನೋಡಿದರೆ
ಅಂಚು ಹರಿತವಿಲ್ಲ. ಉರುಟಾಗಿದೆ,
ಮಾಗಿದ ಗಾಯದ ತುಟಿಯ ಹಾಗೆ.

ಯಾವುದೋ ಕಚ್ಚಿದೆ. ಇದು ತಪ್ಪಿಸಿಕೊಂಡಿದೆ.
ಅರ್ಧ ಬದಿಯಲ್ಲೇ ಕೆಸರೊಳಗೆ ತೆವಳಿ
ಒಮ್ಮೆ ಪೊರೆ ಕಳಚಿದೆ, ಇನ್ನೊಮ್ಮೆ ಕಳಚಿದೆ,
ಪ್ರತಿ ಹೊಸ ಮೈಗೂ ಹಳೇ ಗಾಯವನ್ನು
ಸ್ವಲ್ಪ ಸಣ್ಣದು ಮಾಡಿ ಹೊತ್ತುಕೊಂಡು ಹೋಗಿದೆ.

ಝೈದ್ ಬಂದು ಬೆಳಕಿಗೆ ಹಿಡಿದ.
“ಊನದ ಮಾಲು. ತುಂಬಿಬಿಡು.
ಪೂರ್ತಿಯಿದ್ದರೆ ನಾಲ್ಕು ಸಾವಿರ ದಿರ್ಹಾಮ್,
ಹೀಗಿದ್ದರೆ ಒಂದೂವರೆ.”
ಮಿಕ್ಕವೆಲ್ಲ ಸತ್ತದ್ದಕ್ಕೆ ಸಾಕ್ಷಿ, ಇದೊಂದು
ಬದುಕಿದ್ದಕ್ಕೆ ಸಾಕ್ಷಿ ಅಂದೆ.
“ಸಾಕ್ಷಿಗೆ ದುಡ್ಡು ಕೋರ್ಟಿನಲ್ಲಿ ಕೊಡುತ್ತಾರೆ, ತೂದಾ,
ಎರ್ಫೂದಿನ ಹೋಟೆಲಿನಲ್ಲಲ್ಲ.”

ತುಂಬಿದೆ.
ಅಂಟಿಗೆ ಕಲ್ಲಿನ ಪುಡಿ ಕಲಸಿ, ಮಸಿ ಬೆರೆಸಿ,
ಬಲಗಡೆಯದ್ದನ್ನು ನೋಡಿ ನೋಡಿ ಎಡಕ್ಕೆ ಮೂರು ಮುಳ್ಳು.
ಚೆನ್ನಾಗಿ ಬಂತು ಅನ್ನಲು ನಾಚಿಕೆ,
ಆದರೂ ಚೆನ್ನಾಗಿ ಬಂತು.
ಬಾಸ್ಸೂ ಮಾವನೇ ಬೆರಳಾಡಿಸಿ ಗುರುತು ಹಿಡಿಯಲಿಲ್ಲ.

ನಮ್ಮ ಗೂಡಂಗಡಿಯಲ್ಲಿ ಎರಡು ಅಂಟಿವೆ.
ಒಂದು ಒಣಗಿತೆಂದರೆ ಕಯಾಮತ್ತಿನವರೆಗೂ ಬಿಡದು.
ಇನ್ನೊಂದು ಅಸಿಟೋನ್ ಮುಟ್ಟಿದರೆ ಕರಗುತ್ತದೆ.
ಬಾಟಲಿ ಎರಡೂ ಒಂದೇ ಥರ, ಝೈದನಿಗೆ ತಿಳಿಯದು.

ಈಗ ಅದು ಯಾವುದೋ ಚಳಿಯೂರಿನ ಕಪಾಟಿನಲ್ಲಿರಬಹುದು,
ಗಡಿಯಾರದ ಪಕ್ಕ, ಮದುವೆಯ ಫೋಟೋದ ಪಕ್ಕ.
ಯಾರಾದರೂ ಹುಡುಗಿ ಉಗುರಿನ ಬಣ್ಣ ಅಳಿಸುತ್ತಾ
ಒದ್ದೆ ಹತ್ತಿ ಅದರ ಮೇಲೆ ಮರೆತಿಟ್ಟಾಳು.
ಮೂರು ಮುಳ್ಳು ಮೆತ್ತಗಾಗಿ ಬಿದ್ದಾವು.
ಅಯ್ಯೋ, ಕೈಯಾರೆ ಮುರಿದೆನಲ್ಲ ಎಂದು
ಅವಳ ಎದೆಯೂ ಒಮ್ಮೆ ಧಸಕ್ಕೆನ್ನಲಿ.

ಆಮೇಲೆ ಅಂಚು ಮುಟ್ಟಿ ನೋಡಲಿ.